ಕಣ್ಣು ಗುಣಿಸುತ್ತದೆ, ಗಾಜು ಭಾಗಿಸಬೇಕು

ಚಿಕ್ಕೋಡಿ ಸೀಮೆಯ ಕಬ್ಬೂರ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿಯಲ್ಲಿ. ಹೀಗಾಗಿ ಮೇ ತಿಂಗಳ ಮೊದಲ ವಾರದ ಒಂದು ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಬಯಲಲ್ಲಿ ನಿಂತವನ ನೆರಳು ಅವನ ಕಾಲ ಕೆಳಗೇ ಅಡಗುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಜನ ಆ ಹೊತ್ತಿನಲ್ಲಿ ತಲೆಗೆ ಟವೆಲ್ ಸುತ್ತಿಕೊಳ್ಳದೆ ಹೊಲಕ್ಕೆ ಇಳಿಯುವುದಿಲ್ಲ. ಅಷ್ಟು ಕಠಿಣವಾದ ಆ ಬಿಸಿಲನ್ನು ಅಳೆದರೆ, ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವುದು ಒಂದು ವ್ಯಾಟಿನ ಹತ್ತನೇ ಒಂದು ಭಾಗ, 0.1 ವ್ಯಾಟ್.

ಈಗ ಬೇಡದ ಕೂದಲು ತೆಗೆಯುವ ಲೇಸರ್ ಯಂತ್ರವನ್ನು ನೋಡೋಣ. ಅಲೆಕ್ಸಾಂಡ್ರೈಟ್ ಎಂಬ ಹರಳಿನ ಲೇಸರಿನಲ್ಲಿ ವಾಡಿಕೆಯ ಒಂದು ಶಾಟ್ ಎಂದರೆ ಚದರ ಸೆಂಟಿಮೀಟರಿಗೆ 20 ಜೂಲ್ ಶಕ್ತಿ, ಅದೂ 3 ಮಿಲಿಸೆಕೆಂಡಿನಲ್ಲಿ. ಇಪ್ಪತ್ತನ್ನು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನಿಂದ ಭಾಗಿಸಿದರೆ ಬರುವುದು ಚದರ ಸೆಂಟಿಮೀಟರಿಗೆ ಸುಮಾರು 6,670 ವ್ಯಾಟ್. ಮೇ ತಿಂಗಳ ನಡುಮಧ್ಯಾಹ್ನದ ಬಿಸಿಲಿನ ಸುಮಾರು 67 ಸಾವಿರ ಪಟ್ಟು. ಈ ಸಂಖ್ಯೆಯನ್ನು ಇನ್ನೊಂದಕ್ಕೆ ಹೊಂದಿಸಿದಾಗ ನನಗೆ ನಿಜಕ್ಕೂ ದಿಗ್ಭ್ರಮೆಯಾಯಿತು. 15 ಕೋಟಿ ಕಿಲೋಮೀಟರ್ ದೂರದ ಸೂರ್ಯನ ಮೈಯಿಂದಲೇ, ಅಲ್ಲಿಯ ಒಂದು ಚದರ ಸೆಂಟಿಮೀಟರಿನಿಂದ, ಹೊಮ್ಮುವ ಶಕ್ತಿ ಸುಮಾರು 6,300 ವ್ಯಾಟ್. ಅಂದರೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನಷ್ಟು ಕಾಲ, ಯಂತ್ರದ ಕೈಹಿಡಿಯಾದ ಹ್ಯಾಂಡ್‌ಪೀಸಿನ ತುದಿಯಿಂದ ಹೊರಬರುವ ಬೆಳಕಿನ ಹರಿವು ಸೂರ್ಯನ ಮೈಯ ಹರಿವಿಗೆ ಸಮ, ಕೊಂಚ ಹೆಚ್ಚೇ.

ಹುಡುಗಿಯ ಮೇಲ್ತುಟಿಯ ಮೇಲೆ, ಗದ್ದದ ಮೇಲೆ ಅದನ್ನು ಇಡುತ್ತಾರೆ. ಕಣ್ಣು ಅಲ್ಲಿಂದ ಮೂರು ನಾಲ್ಕು ಬೆರಳಿನ ದೂರ.

ಚರ್ಮ ಸುಡದೆ ಉಳಿಯುವುದು ಹೇಗೆ? ಅದಕ್ಕೆ ಉತ್ತರ ಕೊಟ್ಟವರು ಅಮೆರಿಕದ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್. 1983ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ವಿಚಾರ ಸರಳವಾದದ್ದು. ಬೆಳಕಿನ ಬಣ್ಣವನ್ನೂ ಶಾಟಿನ ಅವಧಿಯನ್ನೂ ಸರಿಯಾಗಿ ಆರಿಸಿದರೆ, ಕಪ್ಪು ವಸ್ತು ಮಾತ್ರ ಕಾಯುತ್ತದೆ. ಆ ಶಾಖ ಸುತ್ತಲಿನ ಅಂಗಾಂಶಕ್ಕೆ ಹರಡುವ ಮುನ್ನವೇ ಶಾಟ್ ಮುಗಿದಿರುತ್ತದೆ. ಕೂದಲಿನ ಬುಡದಲ್ಲಿರುವ ಕಪ್ಪು ಬಣ್ಣದ ಮೆಲನಿನ್ ಬೆಳಕನ್ನು ಹೀರಿ ಕಾದು, ಕೂದಲು ಹುಟ್ಟಿಸುವ ಕೋಶಗಳನ್ನು ಸುಡುತ್ತದೆ. ಮನುಷ್ಯನ ಮೈಮೇಲೆ ಸುಮಾರು 50 ಲಕ್ಷ ಕೂದಲ ಬುಡಗಳಿವೆ, ತಲೆಯ ಮೇಲಿನವು ಅದರಲ್ಲಿ 1 ಲಕ್ಷ ಮಾತ್ರ. ಎಲ್ಲವೂ ಒಂದೇ ಕಾಲಕ್ಕೆ ಬೆಳೆಯುವುದಿಲ್ಲವಾದ್ದರಿಂದ ಒಂದು ಸಿಟಿಂಗಿನಲ್ಲಿ ಕೆಲಸ ಮುಗಿಯದು. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಆರೆಂಟು ಸಲ ಹೋಗಬೇಕು.

ಈ ಯಂತ್ರಕ್ಕೆ ಗೊತ್ತಿರುವುದು ಒಂದೇ: ಮೆಲನಿನ್ ಎಲ್ಲಿದೆಯೋ ಅಲ್ಲಿ ಕಾಯಿಸು. ಅದು ಕೂದಲೋ ಕಣ್ಣೋ ಎಂಬ ಭೇದ ಅದಕ್ಕಿಲ್ಲ. ನಮ್ಮ ಕಣ್ಣಾಲಿಯ ಕಂದುಗಪ್ಪು ಬಣ್ಣ ಮೆಲನಿನ್. ಅಕ್ಷಿಪಟಲದ ಹಿಂದಿನ ಕಪ್ಪು ಪದರವೂ ಮೆಲನಿನ್. ನಮ್ಮ ಮುಖದಲ್ಲಿ ಕೂದಲನ್ನು ಬಿಟ್ಟರೆ ಅತಿ ದಟ್ಟವಾಗಿ ಈ ಕಪ್ಪು ಸೇರಿರುವ ಜಾಗ ಕಣ್ಣೇ.

ಅದಷ್ಟೇ ಆಗಿದ್ದರೆ ಅಪಾಯ ಚರ್ಮದ ಸುಟ್ಟಗಾಯದಷ್ಟೇ ಇರುತ್ತಿತ್ತು. ಆದರೆ ಕಣ್ಣಿಗೆ ಇನ್ನೊಂದು ಗುಣವಿದೆ, ಅದು ಬೆಳಕನ್ನು ಒಟ್ಟುಗೂಡಿಸುತ್ತದೆ. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದ ಸುಟ್ಟ ಮಕ್ಕಳಿಗೆಲ್ಲ ಇದು ಗೊತ್ತು. ಮಂದ ಬೆಳಕಿನ ಕೋಣೆಯಲ್ಲಿ ಪಾಪೆ ಅರಳಿದಾಗ ಅದರ ಅಡ್ಡಳತೆ 7 ಮಿಲಿಮೀಟರ್. ಲೇಸರಿನ ಕಿರಣ ಸೂರ್ಯನ ಬೆಳಕಿನಂತಲ್ಲ, ಚದುರದೆ ಸಾಲಾಗಿ ಬರುತ್ತದೆ. ಅದನ್ನು ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ 20 ಮೈಕ್ರೋಮೀಟರಿನ, ಅಂದರೆ ಕೂದಲೆಳೆಗಿಂತ ಸಣ್ಣ, ಚುಕ್ಕೆಗೆ ಇಳಿಸಬಲ್ಲದು. 7 ಮಿಲಿಮೀಟರ್ ಎಂದರೆ 20 ಮೈಕ್ರೋಮೀಟರಿನ 350 ಪಟ್ಟು. ವಿಸ್ತೀರ್ಣದ ಲೆಕ್ಕಕ್ಕೆ 350ನ್ನು 350ರಿಂದ ಗುಣಿಸಿ: 1,22,500. ಪಾಪೆಯ ಮೇಲೆ ಬಿದ್ದ ಬೆಳಕು ಅಕ್ಷಿಪಟಲ ಮುಟ್ಟುವಷ್ಟರಲ್ಲಿ ಲಕ್ಷ ಪಟ್ಟಿಗೂ ಮೀರಿ ತೀಕ್ಷ್ಣವಾಗುತ್ತದೆ. 400ರಿಂದ 1,400 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆಲ್ಲ ಈ ಗುಣಾಕಾರ ನಡೆಯುತ್ತದೆ. ಕೂದಲು ತೆಗೆಯುವ ಮೂರು ಮುಖ್ಯ ಲೇಸರುಗಳಾದ 755ರ ಅಲೆಕ್ಸಾಂಡ್ರೈಟ್, 808ರ ಸುತ್ತಿನ ಡಯೋಡ್, 1,064ರ ಎನ್‌ಡಿ-ಯಾಗ್ ಮೂರೂ ಈ ಹರವಿನ ಒಳಗೇ ಬರುತ್ತವೆ.

ಆ ಚುಕ್ಕೆ ಬೀಳುವ ಜಾಗದ ಬೆಲೆ ಎಷ್ಟು? ಈ ಸಾಲನ್ನು ನೀವು ಓದುತ್ತಿರುವುದು ಅಕ್ಷಿಪಟಲದ ನಡುವಿನ ಒಂದೂವರೆ ಮಿಲಿಮೀಟರ್ ಅಗಲದ ಗುಳಿಯಿಂದ. ಅದರ ನಟ್ಟನಡುವೆ ಒಂದು ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷದ ಸಾಂದ್ರತೆಯಲ್ಲಿ ಶಂಕುಕೋಶಗಳು ತುಂಬಿಕೊಂಡಿವೆ. ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಹರಳು ಆರಿಸುವುದು, ಬಸ್ಸಿನ ಬೋರ್ಡು ಓದುವುದು, ಎದುರಿಗೆ ಬಂದವರ ಮುಖ ಗುರುತಿಸುವುದು ಎಲ್ಲವೂ ಅಲ್ಲಿಂದಲೇ. ಅಲ್ಲಿ ಸುಟ್ಟ ಕೋಶ ಮತ್ತೆ ಹುಟ್ಟುವುದಿಲ್ಲ. ಇನ್ನೊಂದು ಕ್ರೂರ ಸಂಗತಿಯಿದೆ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ರಾತ್ರಿಯಿಡೀ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿಯುತ್ತದೆ, ಏಕೆಂದರೆ ಅಲ್ಲಿ ಗಾಯವಾಗುವುದು ಕಣ್ಣಿನ ಮುಂಭಾಗಕ್ಕೆ, ನರಗಳು ಕಿಕ್ಕಿರಿದ ಕಾರ್ನಿಯಾಕ್ಕೆ. ಆ ಉರಿಯೇ ನಮ್ಮ ಕಡೆಯ ಟ್ರ್ಯಾಲಿ ವೆಲ್ಡರುಗಳಿಗೆ ಕಪ್ಪು ಗಾಜು ಹಿಡಿಯುವುದನ್ನು ಕಲಿಸಿದೆ. ಲೇಸರ್ ಗಾಯ ಅಂಥ ಪಾಠ ಹೇಳುವುದಿಲ್ಲ.

ನಮ್ಮ ಊರುಗಳಲ್ಲಿ ಸಕ್ಕರೆ ಕಾಯಿಲೆಯವರು ಬೆಳಗಾವಿಗೋ ಮಿರಜಿಗೋ ಹೋಗಿ ‘ಕಣ್ಣಿಗೆ ಲೇಸರ್ ಹೊಡಿಸ್ಕೊಂಡ ಬಂದೆ’ ಎನ್ನುವುದನ್ನು ಕೇಳಿರುತ್ತೇವೆ. ಅಲ್ಲಿ ರೆಟಿನಾ ವೈದ್ಯರು ಬೇಕೆಂದೇ ಅಕ್ಷಿಪಟಲದ ಅಂಚನ್ನು ಸುಡುತ್ತಾರೆ, ನಡುವನ್ನು ಉಳಿಸಲೆಂದು. ಒಂದು ಸುಡುಚುಕ್ಕೆಗೆ ಸುಮಾರು 200 ಮಿಲಿವ್ಯಾಟ್, ಸೆಕೆಂಡಿನ ಹತ್ತನೇ ಒಂದು ಭಾಗ. ಗುಣಿಸಿದರೆ 20 ಮಿಲಿಜೂಲ್. ಅಕ್ಷಿಪಟಲದ ಮೇಲೆ ಬಿಳಿ ಕಲೆ ಮೂಡಿಸಲು ಅಷ್ಟು ಸಾಕು. ಕೂದಲು ತೆಗೆಯುವ ಹ್ಯಾಂಡ್‌ಪೀಸು ಚದರ ಸೆಂಟಿಮೀಟರಿಗೆ ಹಾಯಿಸುವುದು 20 ಜೂಲ್. ಸಾವಿರ ಪಟ್ಟು.

ಹಾಗಾದರೆ ಕಣ್ಣು ತನ್ನನ್ನು ತಾನು ಕಾಯುವುದಿಲ್ಲವೇ? ಥಟ್ಟನೆ ಬೆಳಕು ಬಿದ್ದರೆ ರೆಪ್ಪೆ ಮುಚ್ಚುತ್ತದಲ್ಲ? ಮುಚ್ಚುತ್ತದೆ. ಆದರೆ ಅದಕ್ಕೆ ಲೇಸರ್ ಸುರಕ್ಷತೆಯ ಲೆಕ್ಕದಲ್ಲಿ ಹಿಡಿಯುವ ಸಮಯ ಕಾಲು ಸೆಕೆಂಡು. 3 ಮಿಲಿಸೆಕೆಂಡಿನ ಶಾಟುಗಳು ಕಾಲು ಸೆಕೆಂಡಿನಲ್ಲಿ 83 ಹಿಡಿಯುತ್ತವೆ. ಬೆಳಕಿನ ವೇಗದಲ್ಲಿ ಹೇಳಬೇಕೆಂದರೆ, ಒಂದು ಶಾಟಿನ ಬೆಳಕನ್ನು ಅಡೆತಡೆಯಿಲ್ಲದೆ ಹರಿಯಬಿಟ್ಟರೆ ಅದರ ಮುಂತುದಿಯಿಂದ ಹಿಂತುದಿಗೆ 900 ಕಿಲೋಮೀಟರ್, ಕರ್ನಾಟಕದ ಉತ್ತರ ದಕ್ಷಿಣ ಉದ್ದಕ್ಕಿಂತ ಹೆಚ್ಚು. ಆ 900 ಕಿಲೋಮೀಟರ್ ಉದ್ದದ ಬೆಳಕು ಪೂರ್ತಿ ಕಣ್ಣಿನೊಳಗೆ ಇಳಿದು ಮುಗಿದರೂ ರೆಪ್ಪೆ ಇನ್ನೂ ಅಲುಗಿರುವುದಿಲ್ಲ. ರೆಪ್ಪೆ ಮುಚ್ಚುವಷ್ಟರಲ್ಲಿ ಬೆಳಕು ಭೂಮಿಯನ್ನು ಹತ್ತಿರ ಹತ್ತಿರ ಎರಡು ಸುತ್ತು ಹಾಕಿರುತ್ತದೆ.

ಅದೂ ರೆಪ್ಪೆಗೆ ಸುದ್ದಿ ಮುಟ್ಟಿದರೆ. 755 ನ್ಯಾನೋಮೀಟರಿನ ಕಡುಗೆಂಪು ನಮಗೆ ಕಾಣುವ ಬೆಳಕಿನ ಕಟ್ಟಕಡೆಯ ಅಂಚು. ಅಷ್ಟೇ ಶಕ್ತಿಯ ಹಸಿರು ಬೆಳಕಿಗೆ ಹೋಲಿಸಿದರೆ ಅದು ನಮಗೆ ತೋರುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಪ್ರಕಾಶವಾಗಿ. ‘ಅಷ್ಟೇನೂ ಬೆಳಕಿರಲಿಲ್ಲ’ ಎಂದು ಅನ್ನಿಸುವುದು ಇದರಿಂದಲೇ. ಶಕ್ತಿ ಪೂರ್ತಿ ಒಳಗೆ ಹೋಗಿದೆ, ಕಂಡದ್ದು ಮಾತ್ರ ಮಸುಕು. ಇನ್ನು 1,064 ಕಾಣುವುದೇ ಇಲ್ಲ. ಇಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಚರ್ಮದ ಬಣ್ಣ ಗಾಢವಾದಷ್ಟೂ 755ರ ಲೇಸರ್ ಚರ್ಮವನ್ನೇ ಸುಡುವ ಭಯವಿರುತ್ತದೆ; ಅದಕ್ಕೆ ಕಪ್ಪು ಮೈಬಣ್ಣದವರಿಗೆ ವೈದ್ಯರು 1,064ನ್ನು ಆರಿಸುತ್ತಾರೆ, ಅದು ಚರ್ಮದ ಮೆಲನಿನ್ನನ್ನು ಕಡಿಮೆ ಕೆಣಕಿ ಆಳಕ್ಕೆ ಇಳಿಯುತ್ತದೆ. ಚರ್ಮಕ್ಕೆ ಅತಿ ಕ್ಷೇಮವಾದದ್ದೇ ಕಣ್ಣಿಗೆ ಕಾಣದೇ ಬರುವಂಥದ್ದು. ನಮ್ಮ ಮೈಬಣ್ಣದವರ ಕೋಣೆಯಲ್ಲಿ ಗಾಗಲ್ ಬೇರೆಲ್ಲಿಗಿಂತ ಹೆಚ್ಚು ಅಗತ್ಯ.

‘ಕಣ್ಣ ಮುಚ್ಕೊಂಡ ಮಲಗ್ರೀ ಅಕ್ಕಾ, ಏನೂ ಆಗೂದಿಲ್ಲ.’

ಯಂತ್ರ ಹಿಡಿದವಳು ಈ ಮಾತನ್ನು ಪ್ರೀತಿಯಿಂದಲೇ ಹೇಳಿರುತ್ತಾಳೆ. ಆದರೂ ಅದು ತಪ್ಪು. ಕಣ್ಣು ಮುಚ್ಚಿ ಸೂರ್ಯನ ಕಡೆ ಮುಖ ಮಾಡಿದಾಗ ಕೆಂಪಗೆ ಕಾಣುತ್ತದಲ್ಲ, ಅದು ರೆಪ್ಪೆಯನ್ನು ದಾಟಿ ಬಂದ ಬೆಳಕು. ರೆಪ್ಪೆಯ ಚರ್ಮ ಇಡೀ ಮೈಯಲ್ಲಿ ಅತಿ ತೆಳುವಾದದ್ದು, ಒಂದು ಮಿಲಿಮೀಟರೂ ಇಲ್ಲ. ಕೂದಲಿನ ಬುಡ ಇರುವುದು ಚರ್ಮದ ಕೆಳಗೆ ಎರಡು ಮಿಲಿಮೀಟರ್, ಕೆಲವೆಡೆ ಅದಕ್ಕಿಂತಲೂ ಆಳದಲ್ಲಿ. ಅಲ್ಲಿಯವರೆಗೆ ಇಳಿಯಲೆಂದೇ ಮಾಡಿದ ಬೆಳಕಿಗೆ ರೆಪ್ಪೆ ಯಾವ ಲೆಕ್ಕ? ನಿಜ, ರೆಪ್ಪೆ ಬೆಳಕನ್ನು ಚದುರಿಸುತ್ತದೆ, ಹಾಗಾಗಿ ಅಕ್ಷಿಪಟಲದ ಮೇಲಿನ ಲಕ್ಷ ಪಟ್ಟಿನ ಚುಕ್ಕೆ ಮೂಡಲಾರದು. ಪೆಟ್ಟು ಬೀಳುವುದು ರೆಪ್ಪೆಯ ಹಿಂದೆಯೇ ಕೂತಿರುವ ಕಣ್ಣಾಲಿಯ ಕಪ್ಪಿಗೆ.

ಮತ್ತೊಂದು ಸಂಗತಿಯನ್ನು ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಎಂಬ ವೈದ್ಯ ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದ. ಕಣ್ಣನ್ನು ಬಿಗಿಯಾಗಿ ಮುಚ್ಚಿದಾಗ ಬಹುಪಾಲು ಜನರಲ್ಲಿ ಗುಡ್ಡೆ ಮೇಲಕ್ಕೆ ಹೊರಳುತ್ತದೆ. ಹುಬ್ಬಿನ ಕೆಳಗಿನ ಕೂದಲಿಗೆ ಲೇಸರ್ ಹಿಡಿದಾಗ, ಹೆದರಿ ಕಣ್ಣು ಬಿಗಿದವಳ ಕಣ್ಣಾಲಿ ತಾನಾಗಿ ಹುಬ್ಬಿನ ಕಡೆಗೆ, ಬೆಳಕಿನ ದಾರಿಗೆ ಏರಿ ಬರುತ್ತದೆ. ಹೀಗೆ ಹುಬ್ಬಿಗೆ ಲೇಸರ್ ಮಾಡಿಸಿಕೊಂಡ ಮೇಲೆ ಪಾಪೆ ಸೊಟ್ಟಗಾದದ್ದು, ಕಣ್ಣಾಲಿ ಸವೆದದ್ದು, ಕಣ್ಣೊಳಗೆ ಉರಿಯೂತ ಎದ್ದದ್ದು, ಬೆಳಕು ನೋಡಲಾಗದ ಹಾಗಾದದ್ದು, ಪೊರೆ ಬಂದದ್ದು ಇವೆಲ್ಲ ವೈದ್ಯಕೀಯ ಪತ್ರಿಕೆಗಳಲ್ಲಿ ಇಪ್ಪತ್ತು ವರ್ಷಗಳಿಂದ ವರದಿಯಾಗುತ್ತ ಬಂದಿವೆ. ಕಣ್ಣಿನ ಗುಂಡಿಯ ಎಲುಬಿನ ಅಂಚಿನೊಳಗೆ ಸೌಂದರ್ಯಕ್ಕಾಗಿ ಕೂದಲ ಲೇಸರ್ ಬೇಡ ಎಂದು ಬಲ್ಲವರು ಹೇಳುವುದು ಇದಕ್ಕೇ. ಹುಬ್ಬು ತೀಡಿಸಲು ದಾರವಿದೆ. ಆ ಎರಡು ಸಾಲು ಕೂದಲಿಗಾಗಿ ಲೇಸರ್ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗೆ ಗುಣಿಸಿಕೊಂಡು ಬರುವ ಬೆಳಕನ್ನು ತಡೆಯಲು ಭಾಗಾಕಾರ ಬೇಕು. ಬರಿಗಣ್ಣು ಎಷ್ಟನ್ನು ತಾಳಬಹುದು ಎಂಬುದಕ್ಕೆ ಜಗತ್ತಿನ ಲೇಸರ್ ಸುರಕ್ಷತಾ ಮಾನದಂಡಗಳಲ್ಲಿ ಒಂದು ಮಿತಿಯಿದೆ. 755 ನ್ಯಾನೋಮೀಟರಿನ, 3 ಮಿಲಿಸೆಕೆಂಡಿನ ಒಂದು ಶಾಟಿಗೆ ಸೂತ್ರದಂತೆ ಲೆಕ್ಕ ಹಾಕಿದರೆ ಆ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 0.03 ಮಿಲಿಜೂಲ್. ಯಂತ್ರ ಕೊಡುವುದು 20,000 ಮಿಲಿಜೂಲ್. ಮಿತಿಯ ಸುಮಾರು ಆರೂಮುಕ್ಕಾಲು ಲಕ್ಷ ಪಟ್ಟು. ಡಯೋಡಿನ 30 ಮಿಲಿಸೆಕೆಂಡಿನ ಶಾಟಾದರೆ ಸುಮಾರು 93 ಸಾವಿರ ಪಟ್ಟು. ಇದು ಕಿರಣ ನೇರ ಕಣ್ಣಿಗೆ ಹೊಕ್ಕಾಗಿನ ಲೆಕ್ಕ. ಹ್ಯಾಂಡ್‌ಪೀಸಿನಿಂದ ದೂರ ಹೋದಷ್ಟೂ ಬೆಳಕು ಹರಡಿ ತೆಳುವಾಗುತ್ತದೆ. ಆದರೆ ಸಾವಿರದಲ್ಲಿ ಒಂದೇ ಪಾಲು ಎಲ್ಲಿಂದಲೋ ಪ್ರತಿಫಲಿಸಿ ಬಂದಿತು ಎನ್ನಿ. ಅದು 20 ಮಿಲಿಜೂಲ್, ಆಗಲೂ ಮಿತಿಯ 670 ಪಟ್ಟು. ಗಾಯವಾಗುವ ಮಟ್ಟಕ್ಕಿಂತ ಸುಮಾರು ಹತ್ತು ಪಟ್ಟು ಕೆಳಗೆ ಈ ಮಿತಿಯನ್ನು ಇಟ್ಟಿದ್ದಾರೆ ಎಂದು ರಿಯಾಯಿತಿ ಕೊಟ್ಟರೂ 67 ಪಟ್ಟು ಉಳಿಯುತ್ತದೆ.

ಪ್ರತಿಫಲನ ಎಂದೊಡನೆ ಬ್ಯೂಟಿ ಪಾರ್ಲರಿನ ಕೋಣೆ ನೆನಪಾಗಬೇಕು. ನೆಲದಿಂದ ಚಾವಣಿಯವರೆಗೆ ಕನ್ನಡಿ. ಸ್ಟೀಲಿನ ತಟ್ಟೆ, ಕತ್ತರಿ. ಮಲಗಿದವಳ ಮೂಗುತಿ, ಬಳೆ, ಕಿವಿಯ ಝುಮಕಿ. ಬರಿಯ ಕಿಟಕಿಯ ಗಾಜೂ ತನ್ನ ಒಂದೊಂದು ಮೈಯಿಂದ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕನ್ನಡಿ ಹೆಚ್ಚುಕಡಿಮೆ ಎಲ್ಲವನ್ನೂ. ಲೇಸರ್ ಹಾಯಿಸುವ ಕೋಣೆಯಲ್ಲಿ ಕನ್ನಡಿ ಇರಬಾರದು, ಇದ್ದರೆ ಬಟ್ಟೆ ಮುಚ್ಚಿರಬೇಕು. ಕಿಟಕಿಗೆ ದಪ್ಪ ಪರದೆ ಬೇಕು. ಬಾಗಿಲು ಹಾಕಿರಬೇಕು. ಜೊತೆಗೆ ಬಂದ ತಾಯಿ, ತಂಗಿ, ಸೊಂಟದ ಮೇಲಿನ ಕೂಸು ಹೊರಗೆ ಕೂರಬೇಕು. ಒಳಗೇ ಇರುವುದಾದರೆ ಅವರ ಕಣ್ಣಿಗೂ ಗಾಗಲ್ ಬೇಕು.

ಎಂಥ ಗಾಗಲ್? ಬಿಸಿಲಿಗೆ ಹಾಕುವ ಕಪ್ಪು ಚಷ್ಮಾ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಬೆಳಕನ್ನು ಒಳಗೆ ಬಿಡುತ್ತದೆ, ಅಂದರೆ ಭಾಗಿಸುವುದು ಹತ್ತರಿಂದ. ಆರೂಮುಕ್ಕಾಲು ಲಕ್ಷವನ್ನು ಹತ್ತರಿಂದ ಭಾಗಿಸಿದರೆ 67 ಸಾವಿರ. ಅದೂ ಕಾಣುವ ಬೆಳಕಿಗೆ. ಕಾಣದ 1,064ನ್ನು ಎಷ್ಟೋ ಚಷ್ಮಾಗಳು ಸರಾಗವಾಗಿ ಬಿಟ್ಟುಬಿಡುತ್ತವೆ. ಲೇಸರ್ ಗಾಗಲಿನ ಮೇಲೆ ‘ಓಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರದ ಪಕ್ಕ ಒಂದು ಅಂಕಿ ಅಚ್ಚಾಗಿರುತ್ತದೆ. ಆ ಅಂಕಿ ಎಷ್ಟೋ, ಒಂದರ ಮುಂದೆ ಅಷ್ಟು ಸೊನ್ನೆ ಹಾಕಿದರೆ ಬರುವ ಸಂಖ್ಯೆಯಿಂದ ಅದು ಬೆಳಕನ್ನು ಭಾಗಿಸುತ್ತದೆ. 5 ಎಂದಿದ್ದರೆ ಲಕ್ಷದಿಂದ, 6 ಎಂದಿದ್ದರೆ ಹತ್ತು ಲಕ್ಷದಿಂದ, 7 ಎಂದಿದ್ದರೆ ಕೋಟಿಯಿಂದ. ಆರೂಮುಕ್ಕಾಲು ಲಕ್ಷಕ್ಕೆ 6 ಬೇಕು, 5 ಸಾಲದು.

ಬೆರಳ ದಪ್ಪವೂ ಇಲ್ಲದ ಒಂದು ಪ್ಲಾಸ್ಟಿಕ್ ತುಂಡು ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕದ್ದನ್ನು ತಡೆದು ನಿಲ್ಲಿಸುವುದು ನನಗೆ ಲೇಸರಿಗಿಂತಲೂ ದೊಡ್ಡ ವಿಸ್ಮಯ. ಆದರೆ ಅದು ಎಲ್ಲ ಬೆಳಕಿಗೂ ಹಾಗೆ ಮಾಡುವುದಿಲ್ಲ. ಓಡಿಯ ಪಕ್ಕದಲ್ಲೇ ಯಾವ ತರಂಗಾಂತರಕ್ಕೆ ಎಂದೂ ಬರೆದಿರುತ್ತದೆ. ‘800–1100, ಓಡಿ 7’ ಎಂದು ಬರೆದ ಗಾಗಲ್ ಡಯೋಡಿನ 808ನ್ನು ಕೋಟಿಯಿಂದ ಭಾಗಿಸುತ್ತದೆ. ಅಲೆಕ್ಸಾಂಡ್ರೈಟಿನ 755 ಅದರ ವ್ಯಾಪ್ತಿಯಲ್ಲೇ ಇಲ್ಲ. ಈಗ 755, 808, 1,064 ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರಗಳಿವೆ. ಯಂತ್ರದ ಫಲಕದ ಮೇಲಿನ ಸಂಖ್ಯೆ ಮತ್ತು ಗಾಗಲಿನ ಮೇಲಿನ ಸಂಖ್ಯೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಡಾಕ್ಟರಿಕೆ ಓದಿರಬೇಕಿಲ್ಲ, ಅಂಕಿ ಓದಲು ಬಂದರೆ ಸಾಕು. ಮಲಗಿದವರಿಗೆ ಈ ಗಾಜಿನ ಗೊಡವೆಯೂ ಬೇಡ. ಅವರು ಏನನ್ನೂ ನೋಡಬೇಕಾಗಿಲ್ಲವಾದ್ದರಿಂದ ಬೆಳಕೇ ತೂರದ, ಕಣ್ಣಿನ ಸುತ್ತ ಅಂಟಿ ಕೂರುವ ಮುಚ್ಚಳ ಹಾಕಬೇಕು. ಮಡಚಿದ ಕರವಸ್ತ್ರ, ಹತ್ತಿಯ ಉಂಡೆ ಅದಕ್ಕೆ ಬದಲಿಯಲ್ಲ. ಕೂದಲು ತೆಗೆಯಲು ಬಳಸುವ ಐಪಿಎಲ್ ಎಂಬ ಇನ್ನೊಂದು ಯಂತ್ರದ ಮಿಂಚು ಲೇಸರ್ ಅಲ್ಲದಿದ್ದರೂ ಕಣ್ಣಾಲಿಗೆ ಗಾಯ ಮಾಡಿದ ಪ್ರಕರಣಗಳು ಅದರಲ್ಲೂ ಇವೆ. ಮನೆಯಲ್ಲೇ ಬಳಸಲು ಅದನ್ನು ಆನ್‌ಲೈನಿನಲ್ಲಿ ತರಿಸುವವರು ಇದನ್ನು ತಿಳಿದಿರಲಿ.

ಲೇಸರ್ ಗಾಯ ನಮ್ಮ ಸೀಮೆಗೆ ದೂರದ ಮಾತೇನಲ್ಲ. ನಿಪ್ಪಾಣಿಯ ಗಡಿ ದಾಟಿದರೆ ಕೊಲ್ಲಾಪುರ ಜಿಲ್ಲೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಗಣಪತಿ ಮೆರವಣಿಗೆಗಳಲ್ಲಿ ಡಿಜೆ ಜೊತೆಯ ಲೇಸರ್ ದೀಪ ಕಣ್ಣಿಗೆ ಬಿದ್ದು ಒಬ್ಬ ಯುವಕನೂ ಒಬ್ಬ ಪೊಲೀಸ್ ಸಿಬ್ಬಂದಿಯೂ ಗಾಯಗೊಂಡರು, ಕಣ್ಣಲ್ಲಿ ರಕ್ತಸ್ರಾವವಾಯಿತು. ಅವು ತೆರೆದ ಬೀದಿಯ, ಕಣ್ಣಿಗೆ ಢಾಳಾಗಿ ಕಾಣುವ ದೀಪಗಳು. ಮುಚ್ಚಿದ ಕೋಣೆಯೊಳಗಿನ ಯಂತ್ರ ಒಂದು ಮಾರಿನ ಒಳಗೇ ಇರುತ್ತದೆ.

ಇಷ್ಟೆಲ್ಲ ಬರೆಯುವಾಗ ಮಲಗಿದವಳಿಗಿಂತ ನಿಂತವಳ ಚಿಂತೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಮಲಗಿದವಳು ಆರೆಂಟು ಸಿಟಿಂಗಿಗೆ ಮುಗಿಸಿ ಹೋಗುತ್ತಾಳೆ. ಹ್ಯಾಂಡ್‌ಪೀಸು ಹಿಡಿದವಳು ದಿನವೂ ಅಲ್ಲೇ. ಈಗಿನ ಡಯೋಡ್ ಯಂತ್ರಗಳಲ್ಲಿ ಶಕ್ತಿ ಕಡಿಮೆ ಮಾಡಿ ಸೆಕೆಂಡಿಗೆ 10 ಶಾಟ್ ಹೊಡೆಯುತ್ತ ಚರ್ಮದ ಮೇಲೆ ಉಜ್ಜುತ್ತ ಹೋಗುವ ಪದ್ಧತಿಯಿದೆ. ಹತ್ತು ನಿಮಿಷಕ್ಕೆ 6,000 ಶಾಟ್. ದಿನಕ್ಕೆ ಐವರು ಬಂದರೆ 30,000. ವರ್ಷಕ್ಕೆ 300 ದಿನ ದುಡಿದರೆ 90 ಲಕ್ಷ. ಅದರಲ್ಲಿ ಒಂದು ಶಾಟ್, ಒಂದೇ ಒಂದು, ಹ್ಯಾಂಡ್‌ಪೀಸು ಚರ್ಮದಿಂದ ಕೊಂಚ ಎದ್ದಾಗ ಕಾಲು ತುಳಿದ ಪೆಡಲಿನಿಂದ ಹೊರಟು ತಪ್ಪು ದಿಕ್ಕಿಗೆ ಹೋದರೆ ಸಾಕು. ಗಾಗಲ್ ಹಾಕಿದರೆ ಬಣ್ಣ ಸರಿ ಕಾಣುವುದಿಲ್ಲ, ಸೆಕೆಯಾಗುತ್ತದೆ, ಮೂಗಿನ ಮೇಲೆ ಜಾರುತ್ತದೆ ಎಂದು ಅದನ್ನು ಹಣೆಗೆ ಏರಿಸಿಕೊಂಡು ಕೆಲಸ ಮಾಡುವುದು ಎಷ್ಟು ಸಹಜ! ಕಬ್ಬೂರಿನಂಥ ಊರಿಂದ ಪಟ್ಟಣಕ್ಕೆ ಹೋಗಿ ಈ ಕೆಲಸ ಕಲಿತು ಮನೆ ನಡೆಸುವ ಹೆಣ್ಣುಮಗಳ ಕಣ್ಣೇ ಅವಳ ದುಡಿಮೆಯ ಬಂಡವಾಳ. ಗಾಗಲ್ ಕೊಡುವುದು, ಗೀರು ಬಿದ್ದರೆ ಬದಲಿಸುವುದು, ಹ್ಯಾಂಡ್‌ಪೀಸು ಕೆಳಗಿಟ್ಟ ಕೂಡಲೇ ಯಂತ್ರವನ್ನು ಸ್ಟ್ಯಾಂಡ್‌ಬೈಗೆ ಹಾಕಲು ಕಲಿಸುವುದು ಅಂಗಡಿ ಇಟ್ಟವರ ಹೊಣೆ. ಆ ಖರ್ಚು ಇಡೀ ಯಂತ್ರದ ಬೆಲೆಯ ಎದುರು ಏನೇನೂ ಅಲ್ಲ. ಭಾರತೀಯ ಚರ್ಮತಜ್ಞರ ಸಂಘ 2008ರಲ್ಲೇ ಲೇಸರ್ ಮತ್ತು ಐಪಿಎಲ್ ಕೂದಲು ಚಿಕಿತ್ಸೆಗೆಂದು ಮಾರ್ಗಸೂಚಿ ಹೊರತಂದಿದೆ. ಅದು ವೈದ್ಯರ ಕಪಾಟಿನಲ್ಲೇ ಉಳಿಯದೆ ಈ ಹುಡುಗಿಯರ ಕೈಗೆ, ಅವರ ಕನ್ನಡದಲ್ಲಿ, ಮುಟ್ಟಬೇಕು.

ಒಂದು ವೇಳೆ ಮಿಂಚು ಕಣ್ಣಿಗೆ ಬಿದ್ದೇಬಿಟ್ಟರೆ ಎರಡು ಕಣ್ಣಿಂದಲೂ ನೋಡಿ ‘ಎಲ್ಲ ಕಾಣಾಕತ್ತೇತಿ’ ಎಂದು ಸುಮ್ಮನಾಗಬಾರದು, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಚೌಕುಳಿ ಗೆರೆಯ ನೋಟುಬುಕ್ಕಿನ ಹಾಳೆಯನ್ನು ಓದುವ ದೂರದಲ್ಲಿ ಹಿಡಿದು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ನಡುವಿನ ಒಂದು ಬಿಂದುವನ್ನೇ ನೋಡಬೇಕು. ಆಮೇಲೆ ಕಣ್ಣು ಬದಲಿಸಬೇಕು. ಗೆರೆ ಎಲ್ಲಾದರೂ ಸೊಟ್ಟಗೆ ಕಂಡರೆ, ಚೌಕಗಳು ಅಳಿಸಿಹೋದಂತೆ ಕಂಡರೆ, ನಡುವೆ ಕಪ್ಪು ಚುಕ್ಕೆ ನಿಂತಿದ್ದರೆ, ಅಥವಾ ಕಣ್ಣು ಕೆಂಪೇರಿ ಬೆಳಕು ಚುಚ್ಚಿದರೆ, ಅದೇ ದಿನ ರೆಟಿನಾ ವಿಭಾಗವಿರುವ ಆಸ್ಪತ್ರೆಗೆ, ಬೆಳಗಾವಿಗೋ ಮಿರಜಿಗೋ ಹುಬ್ಬಳ್ಳಿಗೋ ಹೊರಡಬೇಕು. ಹಾಳೆಯಲ್ಲಿ ಯಾವ ದೋಷವೂ ಕಾಣದಿದ್ದರೂ ತೋರಿಸಿಕೊಳ್ಳುವುದೇ ಲೇಸು. ಹೋಗುವಾಗ ಯಂತ್ರದ ಹೆಸರು, ತರಂಗಾಂತರ, ಎಷ್ಟು ಜೂಲ್, ಎಷ್ಟು ಮಿಲಿಸೆಕೆಂಡ್ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಬೇಕು, ವೈದ್ಯರು ಮೊದಲು ಕೇಳುವುದು ಅದನ್ನೇ. ಕಣ್ಣಿಗೆ ಹನಿ ಹಾಕಿ ಪಾಪೆ ಅರಳಿಸಿ ನೋಡಿದ ಮೇಲೆ ಓಸಿಟಿ ಎಂಬ ಸ್ಕ್ಯಾನ್ ಮಾಡುತ್ತಾರೆ. ಅಕ್ಷಿಪಟಲದ ಕಾಲು ಮಿಲಿಮೀಟರ್ ದಪ್ಪದೊಳಗಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಆ ಯಂತ್ರವೂ ಬೆಳಕಿನದೇ. ಅದರ ಬೆಳಕು ಒಂದು ಮಿಲಿವ್ಯಾಟಿನ ಆಸುಪಾಸು.